ಅಕ್ಕಿಗೆ ಹ ಬೇಡ

ತೊಂಬತ್ತರ ದಶಕದಲ್ಲಿ ನಂಜನಗೂಡಿನ ನಮ್ಮ ಮನೆಯ ಜಗಲಿ ಒಂದು ಪೇಪರ್ ಆಫೀಸಾಗಿತ್ತು. ಕಾಲೇಜಿನ ಮೂವರು ಹುಡುಗರು, ಒಬ್ಬಳು ಹುಡುಗಿ ಸೇರಿ ತಿಂಗಳಿಗೊಂದು ಪತ್ರಿಕೆ ತೆಗೆಯುತ್ತಿದ್ದರು. ನಾಲ್ಕು ಹಾಳೆ, ಕೈಬರಹದ ಸ್ಟೆನ್ಸಿಲಿನಿಂದ ಸೈಕ್ಲೋಸ್ಟೈಲ್ ಯಂತ್ರದಲ್ಲಿ ಪ್ರತಿ ತೆಗೆದದ್ದು. ನಾನು ಕಾಲೇಜು ಹಾಸ್ಟೆಲಿನ ಅಡುಗೆಯವಳು. ಮಗಳ ಮಗು ಯಾವಾಗಲೂ ಸೊಂಟದ ಮೇಲಿರುತ್ತಿದ್ದರಿಂದ ಎಲ್ಲರಿಗೂ ಅಜ್ಜಿ. ಕೂರಲು ಜಾಗ ಕೇಳಿದರು. ಜಗಲಿ ಖಾಲಿ ಬಿದ್ದಿತ್ತು, ಕೊಟ್ಟೆ. ಪತ್ರಿಕೆಯ ಕೊನೆಯ ಪುಟದಲ್ಲಿ ವಿಳಾಸವೆಂದು ನನ್ನ ಮನೆ ನಂಬರನ್ನೇ ಹಾಕಿಕೊಂಡರು. ಮೂರನೇ ಕ್ಲಾಸು ಓದಿದವಳ ಮನೆಗೆ ‘ಸಂಪಾದಕರಿಗೆ’ ಎಂದು ಕಾಗದ ಬರತೊಡಗಿತು.

ಹುಡುಗಿ ತಿ. ನರಸೀಪುರದ ಕಡೆಯವಳು. ಅಕ್ಷರ ದುಂಡಗಿತ್ತು, ಸ್ಟೆನ್ಸಿಲ್ ಬರೆಯುವ ಕೆಲಸ ಅವಳದೇ. ನಮ್ಮ ಕಡೆಯವರ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಹಳ್ಳಿ ಅಳ್ಳಿಯಾಗುತ್ತದೆ, ಹೂವು ಊವಾಗುತ್ತದೆ. ತರಗತಿಯಲ್ಲಿ ಯಾರೋ ಅದಕ್ಕೆ ನಕ್ಕರಂತೆ. ಅಂದಿನಿಂದ ಅವಳಿಗೆ ಹಕಾರದ್ದೇ ಭಯ. ಅನುಮಾನ ಬಂದಲ್ಲೆಲ್ಲ ಒಂದು ಹ ಹಾಕಿಬಿಡುತ್ತಿದ್ದಳು.

ಒಂದು ದಿನ ಹಾಸ್ಟೆಲಿನಿಂದ ಬಂದವಳೇ ನಾನು, "ಅಕ್ಕೀಲಿ ಬರೀ ಉಳ ಕಣ್ರೋ, ಆರ್ಸಿ ಆರ್ಸಿ ಸಾಕಾಗೋಯ್ತು. ಆಕಿ ಇದ್ನ ಪೇಪರ್‌ಗೆ" ಎಂದೆ. ಅವಳು ಬರೆದುಕೊಂಡಳು. ಪತ್ರಿಕೆ ಹೊರಬಂತು: ‘ಹಾಸ್ಟೆಲಿನ ಹಕ್ಕಿಯಲ್ಲಿ ಹುಳ.’

ಹುಳಕ್ಕೆ ಹ ಬೇಕು, ಅಕ್ಕಿಗೆ ಬೇಡ. ಅವಳು ಎರಡಕ್ಕೂ ಕೊಟ್ಟಿದ್ದಳು.

ಕಾಲೇಜಿನಲ್ಲಿ ಅವಳು ಹೋದಲ್ಲೆಲ್ಲ ಚಿಲಿಪಿಲಿ ಅಂದರು. ಸಂಜೆ ಜಗಲಿ ಹತ್ತುವಾಗ ನಾನೂ ಬಿಡಲಿಲ್ಲ. "ಬಾರವ್ವ ಅಕ್ಕಿ, ಕಾಳು ಆಕ್ಲಾ?" ಎಂದೆ. ಹುಡುಗರು ನಕ್ಕರು. ಅವಳೂ ನಕ್ಕಳು. ಅವತ್ತು ಹೋದವಳು ಮತ್ತೆ ನನ್ನ ಜಗಲಿ ಹತ್ತಲಿಲ್ಲ.

ವರ್ಷ ಮುಗಿಯಿತು, ಪತ್ರಿಕೆ ನಿಂತಿತು. ಕಾಗದ ಬರುವುದು ಮಾತ್ರ ನಿಲ್ಲಲಿಲ್ಲ. ಹುಡುಗರಲ್ಲಿ ಒಬ್ಬ ಕಂಡಕ್ಟರಾದ, ಒಬ್ಬ ವಿಲೇಜ್ ಅಕೌಂಟೆಂಟ್, ಒಬ್ಬ ಮೈಸೂರಿನಲ್ಲಿ ಪ್ರೆಸ್ಸು ಸೇರಿದ. ಊರೂರು ತಿರುಗುವವರಿಗೆ ಒಬ್ಬರ ವಿಳಾಸ ಇನ್ನೊಬ್ಬರಿಗೆ ಗೊತ್ತಿರುತ್ತಿರಲಿಲ್ಲ. ನನ್ನದು ಗೊತ್ತಿತ್ತು. ಕಾರ್ಡು ನನಗೆ ಬರುತ್ತಿತ್ತು, ಉಳಿದಿಬ್ಬರಿಗೆ ನಾನು ದಪ್ಪ ಅಕ್ಷರದಲ್ಲಿ ಬರೆದು ಹಾಕುತ್ತಿದ್ದೆ: ಇವನಿಗೆ ಮದುವೆ, ಅವನಿಗೆ ಕಾಮಾಲೆ. ಕೊನೆಗೆ ಮೂವರದೂ ಒಂದೇ ಪ್ರಶ್ನೆ: ಅವಳ ಸುದ್ದಿ ಏನಾದರೂ ಇದೆಯಾ? ‘ಇಲ್ಲ’ ಎಂದು ಬರೆಯುತ್ತಿದ್ದೆ. ಯಾಕೆ ಇಲ್ಲ ಎಂದು ಬರೆಯಲಿಲ್ಲ. ಅವರು ಮರೆತಿದ್ದರು, ನಾನು ಮರೆತಿರಲಿಲ್ಲ.

ಹತ್ತು ವರ್ಷದ ಮೇಲೆ ಕಂಡಕ್ಟರ್ ಹುಡುಗ ಓಡಿಬಂದ. "ಅಜ್ಜಿ, ಅವ್ಳು ಸಿಕ್ಬುಟ್ಲು! ನನ್ ಬಸ್ಸಲ್ಲೇ ಬಂದ್ಲು. ನರಸೀಪುರದಲ್ಲೇ ತಲಕಾಡ್ ರೋಡಲ್ಲಿ ಮನೆ, ಟೀಚರಾಗವ್ಳೆ. ಎಲ್ರೂ ಒಂದಿನ ಜಗಲೀಲಿ ಸೇರವಾ ಅಂದೆ. ನೋಡಣ ಅಂದ್ಲು."

"ನೋಡಣ ಅಂದ್ರೆ ಬರಾಕಿಲ್ಲ ಅಂತ ಕಣ್ಲಾ" ಎಂದೆ. ಮಾರನೇ ಭಾನುವಾರ ಅವನಿಂದ ಮನೆ ಗುರುತು ಕೇಳಿಕೊಂಡು ನಾನೇ ಬಸ್ಸು ಹತ್ತಿದೆ.

ಬಾಗಿಲು ತೆರೆದವಳಿಗೆ ಗುರುತು ಸಿಗಲಿಲ್ಲ. "ಯಾರ್ ಬೇಕಿತ್ತು?"

"ನಂಜನಗೂಡಿನ ಪೇಪರ್ ಆಫೀಸು ಕಣವ್ವ" ಎಂದೆ.

ಒಳಗೆ ಕರೆದು ನೀರು ಕೊಟ್ಟಳು. ನನಗೆ ಸುತ್ತಿ ಬಳಸಿ ಮಾತಾಡಲು ಬರುವುದಿಲ್ಲ. "ಅವತ್ತಿನ್ ತಪ್ಪು ನಿಂದಲ್ಲ ಕಣವ್ವ. ನನ್ ಬಾಯಲ್ಲಿ ಬೇಯ್ಸೋದೂ ಅಕ್ಕಿ, ಆರೋದೂ ಅಕ್ಕಿ. ನೀ ಪಾಪ ತಿದ್ದಕ್ ಓದೆ. ನಾನ್ ನಗ್ಬಾರ್ದಾಗಿತ್ತು."

ಅವಳು ಲೋಟ ನೋಡುತ್ತ ನಿಂತಿದ್ದಳು. "ಕಾಲೇಜಲ್ಲಿ ನಕ್ಕಿದ್ದು ನಂಗೇನೂ ಅನ್ನಿಸ್ಲಿಲ್ಲ ಅಜ್ಜಿ. ಅವ್ರು ನಗೋರೇ. ನೀವು ನಮ್ಮಂಗೆ ಮಾತಾಡೋರು. ನೀವೂ ನಕ್ಬುಟ್ರಲ್ಲಾ."

"ನಕ್ಕೆ" ಎಂದೆ. ಎದ್ದು ಬಾಗಿಲಿಗೆ ಬಂದೆ.

"ಎಲ್ಲಿಗೆ? ಉಣ್ಕಂಡು ಓಗಿ. ಅಕ್ಕಿ ತೊಳೀತೀನಿ."

"ಯಾವ ಅಕ್ಕಿ?" ಬಾಯಿಂದ ಬಂದೇಬಿಟ್ಟಿತು. ಬಂದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನೇ ನೋಡಿದಳು. "ರೆಕ್ಕೆ ಇಲ್ದೇ ಇರೋದು" ಎಂದಳು. ಈ ಸಲ ಮೊದಲು ನಕ್ಕವಳು ಅವಳು.

ಊಟಕ್ಕೆ ಕೂತಾಗ ಕೇಳಿದಳು: "ಜಗಲಿಗೆ ಯಾವತ್ತು ಬರ್ಬೇಕು?"

"ಬರೋ ಭಾನ್ವಾರ."

"ಅಡ್ರೆಸ್ ಅದೇನಾ?"

"ನಾನಿನ್ನೆಲ್ಲಿಗ್ ಓಗ್ಲವ್ವ."

ಅನ್ನ ಒಂಚೂರು ಮೆತ್ತಗಾಗಿತ್ತು. ಹೇಳಿದೆ. "ಅಡ್ಗೆಯೋರ್ ಬುದ್ಧಿ ಬಿಡ್ಲಿಲ್ಲ ನೀವು" ಎಂದು ಇನ್ನೊಂದು ಸೌಟು ಬಡಿಸಿದಳು.