ದಾದಿ ಜೆಲಿಂದಾ ಮತ್ತು ರಾವಿನಾಲ್ಡಿಗಳ ಗೋಡೆ

ನಮ್ಮೂರು ಕಾಸ್ತೆಲ್‌ಮೊರೀನೊದ ರಾವಿನಾಲ್ಡಿ ಮನೆತನದ ಚರಿತ್ರೆಯೆಲ್ಲ ಅವರ ಪ್ರಾರ್ಥನಾಮಂದಿರದ ಅಮೃತಶಿಲೆಯ ಗೋಡೆಯ ಮೇಲಿದೆ. ಶತಮಾನಗಳಿಂದ ಸತ್ತ ದೊರೆಗಳ ಹೆಸರೆಲ್ಲ ಅಲ್ಲಿವೆ. ಧರ್ಮಯುದ್ಧಕ್ಕೆ ಹೋಗಿ ಮಡಿದವರು ಇಬ್ಬರು. ಮಿಕ್ಕವರು ಊಟದ ಮೇಜಿನಲ್ಲಿ ಹೋರಾಡಿ ಮಡಿದವರೆಂದು ನಮ್ಮಪ್ಪ ಹೇಳುತ್ತಿದ್ದ. ಆ ಹೆಸರುಗಳನ್ನು ಕೆತ್ತುವುದು ನಮ್ಮ ಕಸುಬು. ಅಪ್ಪನ ಅಕ್ಷರಗಳು ಕವಾಯತಿನ ಸಿಪಾಯಿಗಳಂತೆ ನಿಲ್ಲುತ್ತಿದ್ದವು. ನನ್ನವು ಪಡಖಾನೆಯಿಂದ ಈಗಷ್ಟೇ ಹೊರಬಿದ್ದ ಸಿಪಾಯಿಗಳಂತೆ. ಬೆಳಿಗ್ಗೆ ಹುಟ್ಟಿ ಸಂಜೆಗೆ ತೀರಿಹೋದ ರಾವಿನಾಲ್ಡಿ ಕೂಸೊಂದಕ್ಕೂ ಅಲ್ಲಿ ಐದು ಹೆಸರುಗಳಿವೆ. ಜೆಲಿಂದಾ ಕೇಳಿದ್ದು ಒಂದೇ ಒಂದು ಹೆಸರಿಗೆ ಜಾಗ.

ಜೆಲಿಂದಾ ಗೇಣಿದಾರನ ಹೆಂಡತಿ. ಚೊಚ್ಚಲ ಹೆರಿಗೆಯ ಹಸಿಮೈ ಆರುವ ಮೊದಲೇ ಅರಮನೆಗೆ ಹಾಲೂಡುವ ದಾದಿಯಾಗಿ ಬಂದಳು. ತನ್ನ ಹೆಣ್ಣುಕೂಸನ್ನು ಅತ್ತೆಯ ಕೈಗೂ ಆಡಿನ ಹಾಲಿಗೂ ಒಪ್ಪಿಸಿ, ದೊರೆಮಗ ಒತ್ತಾವಿಯೊಗೆ ಎದೆ ಕೊಟ್ಟಳು. ಅವನು ಹಾಲು ಬಿಡುವವರೆಗೆ ಅವಳು ಅರಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ಕೊರಳಿಗೆ ಹವಳದ ಸರ, ದಿನಾ ಕೋಳಿಸಾರು. ಹಸುಗಳಿಗೂ ಅಂಥ ಉಪಚಾರವಿರಲಿಲ್ಲ.

ದಾದಿ ಅತ್ತರೆ ಹಾಲು ಕೆಡುತ್ತದೆ ಎಂದು ನಮ್ಮ ಕಡೆ ನಂಬಿಕೆ. ಹಾಗಾಗಿ ಅವಳ ಕಿವಿಗೆ ಕೆಟ್ಟ ಸುದ್ದಿ ಬೀಳುವಂತಿಲ್ಲ. ಚಳಿಗಾಲ ಶುರುವಾಗುತ್ತಲೇ ಜೆಲಿಂದಾಳ ಮಗು ತೀರಿಕೊಂಡಿತು. ಅಡುಗೆಯವಳಿಂದ ಪಾದ್ರಿಯವರೆಗೆ ಊರಿಗೆ ಊರೇ ಬಾಯಿ ಹೊಲಿದುಕೊಂಡಿತು.

"ನನ್ ಮಗು ಹ್ಯಾಗಿದೆ?" ಎಂದು ಅವಳು ಕೇಳಿದಾಗಲೆಲ್ಲ, "ಗುಂಡುಗುಂಡಾಗಿದೆ ಕಣೆ" ಎನ್ನುತ್ತಿದ್ದರು.

ಒತ್ತಾವಿಯೊ ಎದೆಹಾಲು ಬಿಟ್ಟ ಮೇಲೆ ದೊರೆಸಾನಿ ನಿಜ ಹೇಳಿದಳು. ಅಷ್ಟರಲ್ಲಿ ಮಗುವನ್ನು ಗುರುತಿನ ಕಲ್ಲಿಲ್ಲದ ಬಡವರ ಮಣ್ಣಿನಲ್ಲಿ ಎಲ್ಲಿ ಹೂತಿದ್ದರೆಂಬುದೂ ಯಾರಿಗೂ ಗೊತ್ತಿರಲಿಲ್ಲ.

"ಅಳಬೇಡ್ವೇ. ನಮ್ಮ ಗೋಡೇಲಿ ನಿನ್ ಮಗೀನ ಹೆಸರೂ ಕೆತ್ತಿಸ್ತೀನಿ" ಎಂದಳು ದೊರೆಸಾನಿ.

ಆ ಒಂದು ಮಾತು ಹಿಡಿದುಕೊಂಡು ಜೆಲಿಂದಾ ಆ ಮನೆಯಲ್ಲೇ ಮುದುಕಿಯಾದಳು. ದೊರೆಸಾನಿ ಸತ್ತಳು, ಒತ್ತಾವಿಯೊ ದೊರೆಯಾದ. "ಮುಂದಿನ ವರ್ಷ ಖಂಡಿತ, ದಾದಿ" ಎನ್ನುವುದು ಅವನಿಗೆ ರೂಢಿಯಾಯಿತು. ಸತ್ತವರ ಹಬ್ಬ ಬಂತೆಂದರೆ ಅವಳು ನಮ್ಮ ಅಂಗಡಿಯ ಬಾಗಿಲಲ್ಲಿ.

"ಅಪ್ಪಣೆ ಬಂತೇನಪ್ಪಾ?"

"ಇಲ್ವಲ್ಲಮ್ಮ."

"ನಿನ್ ಉಳಿ ತುಕ್ಕು ಹಿಡಿಯೋದ್ರೊಳಗೆ ಬರ್ಲಿ."

"ನನ್ ಅಕ್ಷರ ನೋಡಿದ್ರೆ ತುಕ್ಕು ಹಿಡಿದ್ರೇ ವಾಸಿ ಅಂತಾರೆ ಜನ."

ಅವಳು ನಗುತ್ತಿರಲಿಲ್ಲ. ನನ್ನ ಹಾಸ್ಯಕ್ಕೆ ಊರಲ್ಲಿ ಬೇರೆ ಯಾರೂ ನಗುತ್ತಿರಲಿಲ್ಲ, ಆ ಮಾತು ಬೇರೆ.

ಆಮೇಲೆ ಯುದ್ಧ ಬಂತು. ಒತ್ತಾವಿಯೊ ಹೃದಯದ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದಾಗ, ಅವನ ಒಬ್ಬನೇ ಮಗ ಲುದೊವೀಕೊ ರಷ್ಯಾದ ಹಿಮದಲ್ಲಿ ಸತ್ತ ಸುದ್ದಿ ಬಂತು. ಹೇಳಿದರೆ ದೊರೆ ಅಲ್ಲೇ ಹೋಗುತ್ತಾನೆ ಎಂದ ಡಾಕ್ಟರ್. ಮನೆ ಮತ್ತೆ ಬಾಯಿ ಹೊಲಿದುಕೊಂಡಿತು. ಗೋಡೆಯ ಅಳತೆಗೆಂದು ನನ್ನನ್ನು ಗುಟ್ಟಾಗಿ ಕರೆಸಿದ್ದರು. ನಾನು ಪ್ರಾರ್ಥನಾಮಂದಿರದ ಬೀಗದಕೈಗೆ ಕಾಯುತ್ತ, ದೊರೆಯ ಕೋಣೆಯ ಬಾಗಿಲ ಬಳಿ ಟೋಪಿ ಹಿಂಡುತ್ತ ನಿಂತಿದ್ದೆ. ಜೆಲಿಂದಾ ದೊರೆಗೆ ಸಾರು ಕುಡಿಸುತ್ತಿದ್ದಳು.

"ಲುದೊವೀಕೊ ಸುದ್ದಿ ಏನಾದ್ರೂ ಬಂತಾ?" ಎಂದ ದೊರೆ.

"ಚೆನ್ನಾಗಿದ್ದಾರಂತೆ ಬುದ್ಧಿ" ಎಂದ ಡಾಕ್ಟರ್.

ಜೆಲಿಂದಾ ಚಮಚ ಕೆಳಗಿಟ್ಟಳು. "ಇಲ್ಲ ಕಂದಾ. ಅವನು ಇಲ್ಲ. ಹಿಮದಲ್ಲಿ ಹೋಗ್ಬಿಟ್ಟ."

"ಏ ಮುದುಕೀ! ಕೊಲ್ತೀಯೇನೆ ಅವರನ್ನ?"

"ಸುಮ್ನಿರಿ ಡಾಕ್ಟ್ರೇ. ಸತ್ತ ಮಗೀಗೆ ನಾನು ಒಂದಿಡೀ ಚಳಿಗಾಲ ಟೋಪಿ ಹೆಣೀತಾ ಕೂತಿದ್ದೆ. ಈ ಮನೇಲಿ ಎಲ್ರೂ ನೋಡಿ, ಬಣ್ಣ ಚೆನ್ನಾಗಿದೆ ಅಂದ್ರು."

ದೊರೆ ಅವಳ ಮಡಿಲಲ್ಲಿ ಮುಖವಿಟ್ಟು ಬಹಳ ಹೊತ್ತು ಅತ್ತ. ಆಮೇಲೆ ಕೇಳಿದ: "ನಿನ್ ಮಗು... ಹೆಸರೇನು ದಾದಿ?"

ಆ ಮನೆಯಲ್ಲಿ ಅದನ್ನು ಕೇಳಿದವನು ಅವನೇ ಮೊದಲಿಗ.

"ಆರ್ಜಿಯಾ."

ದೊರೆ ತಲೆಯೆತ್ತಿ ನನ್ನನ್ನು ನೋಡಿದ. "ಲುದೊವೀಕೊ ಕೆಳಗೆ ಕೆತ್ತು."

ಆ ವಾರವೇ ದೊರೆ ತೀರಿಕೊಂಡ. ಎದೆ ಕೊಟ್ಟವಳೇ ಎದೆ ಒಡೆದಳು ಎಂದಿತು ಊರು. ಸೇಡು ಅಂದರು. ಬ್ರೆಡ್ ಅಂಗಡಿಯವಳು ಅವಳಿಗೆ ಒಣಗಿದ್ದನ್ನೇ ಆರಿಸಿ ಕೊಡತೊಡಗಿದಳು. ನಾನು ದೊರೆ, ಅವನ ಮಗ, ಆರ್ಜಿಯಾ, ಮೂರು ಹೆಸರನ್ನೂ ಕೆತ್ತಿದೆ. ಕಡೆಯದು ಯಾಕೋ ನೆಟ್ಟಗೆ ಬಂತು. ಓದು ಬಾರದ ಜೆಲಿಂದಾಳ ಬೆರಳು ಹಿಡಿದು ಅಕ್ಷರಗಳ ಮೇಲೆ ಆಡಿಸಿದೆ.

"ಇಷ್ಟೇ ಇಷ್ಟಿದಾಳಲ್ಲಪ್ಪಾ" ಎಂದಳು.

ವಸಂತಕ್ಕೆ ರೋಮಿನಿಂದ ದಾಯಾದಿಯೊಬ್ಬ ಆಸ್ತಿಗೆ ಬಂದ. ಮೀಸೆ ಮಾತ್ರ ರಾವಿನಾಲ್ಡಿಗಳದ್ದು. ಗೋಡೆ ನೋಡಿದವನೇ, "ಯಾವಳಿವಳು? ನಮ್ಮ ರಕ್ತದಲ್ಲಿ ಈ ಹೆಸರಿಲ್ಲ" ಎಂದ. ನಾನು ದೊರೆಯ ಅಪ್ಪಣೆ ಎಂದೆ. "ಕಾಯಿಲೆಯವನ ಬಡಬಡಿಕೆ" ಎಂದು ನಕ್ಕ. ಪಕ್ಕದೂರಿನ ಗಾರೆಯವನನ್ನು ಕರೆಸಿ ಅಕ್ಷರಗಳೊಳಗೆ ಸುಣ್ಣ, ಕಲ್ಲಿನ ಹುಡಿ ತುಂಬಿಸಿ, ಮೇಲೆ ಉಜ್ಜಿಸಿದ.

ಮುಂದಿನ ಭಾನುವಾರ ಜೆಲಿಂದಾ ಬಂದು ಬೆರಳಿಟ್ಟಳು. ಕಲ್ಲು ನುಣ್ಣಗಿತ್ತು.

"ಎಲ್ಲಪ್ಪಾ ಅವಳು?"

"ಒಳಗೇ ಇದಾಳಮ್ಮ. ಮೇಲೆ ಸುಣ್ಣ ಹಾಕಿದಾರೆ."

ಅವಳು ತಲೆವಸ್ತ್ರದ ತುದಿಯಿಂದ ಆ ಜಾಗವನ್ನು ಒಂದು ಸಲ ಒರೆಸಿದಳು. "ಈ ಸಲ ನಂಗೆ ಹೇಳಿದ್ಯಲ್ಲ, ಅಷ್ಟು ಸಾಕು" ಎಂದು ಗೋಡೆ ಹಿಡಿದುಕೊಂಡೇ ಬಾಗಿಲ ಕಡೆ ನಡೆದಳು.