ಗಡಿ ದಾಟಿ ಬಂದ ಕಾಕಿ

ಕಾಕಿಯ ಎಡಗೈ ತೋರುಬೆರಳಿನ ತುದಿ ಜರಡಿಯ ಹಾಗಿತ್ತು. ವರ್ಷಗಟ್ಟಲೆ ಕೌದಿ ಹೊಲಿದು, ಬಟ್ಟೆಯ ಕೆಳಗಿನಿಂದ ಬಂದ ಸೂಜಿಯ ಮೊನೆ ತಾಗಿ ತಾಗಿ, ಅಲ್ಲಿಯ ಚರ್ಮ ದಪ್ಪಗಟ್ಟಿ ತುಂಬ ಕಪ್ಪು ಚುಕ್ಕೆಗಳು ಕೂತಿದ್ದವು. ಚಿಕ್ಕವಳಿದ್ದಾಗ ಆ ಬೆರಳನ್ನು ಹಿಡಿದುಕೊಂಡು, ನೋಯುತ್ತದೆಯೇ ಎಂದು ಕೇಳುತ್ತಿದ್ದೆ. "ಅದು ಯಾವಾಗೋ ಸತ್ತ ಬೆರಳವಾ, ಅದಕ್ಕೇನ ಗೊತ್ತಾಗತೈತಿ" ಎನ್ನುತ್ತಿದ್ದಳು. ಆದರೆ ನನಗೆ ಜ್ವರ ಇದೆಯೋ ಇಲ್ಲವೋ ಎಂದು ನೋಡಲು ಹಣೆಗೆ ಒತ್ತುತ್ತಿದ್ದುದು ಅದೇ ಬೆರಳನ್ನು.

ನಾನು ನೇಪಾಳದವಳು. ಗೋರ್ಖಾ ಜಿಲ್ಲೆಯ ಗುಡ್ಡದ ಮೇಲಿನ ಒಂದು ಹಳ್ಳಿ ನಮ್ಮದು. ಅಪ್ಪ ಗೋಕಾಕದ ಓಣಿಗಳಲ್ಲಿ ಸೀಟಿ ಊದುತ್ತ ಕಾವಲು ತಿರುಗುತ್ತಿದ್ದ. ಅವನು ನನ್ನನ್ನೂ ಅಮ್ಮನನ್ನೂ ಊರಿಂದ ಕರೆತಂದಾಗ ಮೂರು ಮಂದಿಯ ಸಂಸಾರಕ್ಕೆ ಖೋಲಿ ಕೊಡುವವರು ಸುಲಭಕ್ಕೆ ಸಿಗಲಿಲ್ಲ. ಆಗ ನಮಗೆ ಯಾರೂ ಅಲ್ಲದ ಕಾಕಿ ತನ್ನ ಹಿತ್ತಲ ಖೋಲಿಯ ಸಾಮಾನು ತೆಗೆಸಿ ನಮ್ಮನ್ನು ಇಟ್ಟುಕೊಂಡಳು. ಅವಳ ಗಂಡ ತೀರಿಕೊಂಡು ಆಗಲೇ ಕೆಲ ಕಾಲವಾಗಿತ್ತು. ತೊಡೆಯ ಮೇಲೆ ಒಂದು ಹೆಣ್ಣು ಕೂಸು. ಬೆಳಿಗ್ಗೆ ಎದ್ದು ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮುಗಿಸಿದರೆ ಆಮೇಲೆ ದಿನವೆಲ್ಲ ಸೂಜಿ ದಾರ.

ಅಮ್ಮನಿಗೆ ಕನ್ನಡ ಬರುತ್ತಿರಲಿಲ್ಲ, ಕಾಕಿಗೆ ನೇಪಾಳಿ ಬರುತ್ತಿರಲಿಲ್ಲ. ಇಬ್ಬರೂ ಕಟ್ಟೆಯ ಮೇಲೆ ಕೂತು ಮಧ್ಯಾಹ್ನವೆಲ್ಲ ಮಾತಾಡುತ್ತಿದ್ದರು. ಒಬ್ಬಳು ತನ್ನ ಅತ್ತೆಯ ಬಗ್ಗೆ ಹೇಳಿದರೆ ಇನ್ನೊಬ್ಬಳು ತನ್ನ ಅತ್ತೆಯ ಬಗ್ಗೆ ಹೇಳುತ್ತಿದ್ದಳು. ಅದು ಅತ್ತೆಯ ವಿಷಯವೇ ಎಂದು ಇಬ್ಬರಿಗೂ ಹೇಗೆ ತಿಳಿಯುತ್ತಿತ್ತೋ ನಾ ಕಾಣೆ. ನಾನು ಮಾತ್ರ ಕಾಕಿಯ ಮಗಳನ್ನು ಸೊಂಟದ ಮೇಲೆ ಹೊತ್ತು ತಿರುಗುತ್ತ ಕನ್ನಡ ಕಲಿತೆ, ಕನ್ನಡ ಸಾಲೆಗೆ ಹೋದೆ, ಮುಂದೆ ನರ್ಸಿಂಗ್ ಓದಿ ಘಟಪ್ರಭೆಯ ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದೆ.

ಕೌದಿಯ ಕೊನೆಯ ಮೂಲೆ ಹೊಲಿದು ಮುಚ್ಚುವ ಮೊದಲು ಕಾಕಿ ಅದರೊಳಗೆ ರೊಟ್ಟಿಯ ಒಂದು ಚೂರು ಇಡುತ್ತಿದ್ದಳು. ಹೊಟ್ಟೆ ಹಸಿದ ಕೌದಿ ಹೊದ್ದವರನ್ನು ಬೆಚ್ಚಗಿಡುವುದಿಲ್ಲ ಎನ್ನುವುದು ಅವಳ ನಂಬಿಕೆ. ಯಾರಾದರೂ ಹರಿದ ಕೌದಿ ತಂದು, ಹುಡುಗರು ಎಳೆದಾಡಿ ಹರಿದರು, ನಾಯಿ ಕಚ್ಚಿತು ಎಂದು ಕತೆ ಹೇಳತೊಡಗಿದರೆ ಕೈ ಅಡ್ಡ ಹಿಡಿಯುತ್ತಿದ್ದಳು. "ಹರಿದೈತಿ ಅಂದ್ರ ಹೊಲಿಬೇಕು. ಯಾರ ಹರದ್ರು ಅಂತ ನಾ ಯಾಕ ಕೇಳ್ಲಿ?"

ನೇಪಾಳದಲ್ಲಿ ಭೂಕಂಪವಾದ ಆ ಬೇಸಿಗೆಯಲ್ಲಿ ಅಪ್ಪ ಅಮ್ಮ ಊರಿಗೆ ಹೋಗಿದ್ದರು. ನಾನು ಆಸ್ಪತ್ರೆಯ ಟೀವಿಯಲ್ಲಿ ನಮ್ಮ ಜಿಲ್ಲೆಯ ಹೆಸರು ಕೇಳಿದೆ. ಫೋನು ಹತ್ತಲಿಲ್ಲ. ಮನೆಗೆ ಬಂದರೆ ಕಾಕಿ ಸೂಜಿ ಬಿಟ್ಟು ಬಾಗಿಲಲ್ಲೇ ನಿಂತಿದ್ದಳು. ಮುಂದಿನ ಕೆಲ ದಿನ ನನ್ನ ಫೋನು ಅವಳ ಮಡಿಲಲ್ಲೇ ಇರುತ್ತಿತ್ತು. ನಾನು ಗಳಿಗೆಗೊಮ್ಮೆ ಒತ್ತಿ ನೋಡಿ ಕಂಗೆಡುತ್ತೇನೆಂದು ತಾನೇ ಇಟ್ಟುಕೊಂಡಿದ್ದಳು. ಕೊನೆಗೆ ಚಿಕ್ಕಪ್ಪನ ಮಗನ ಕರೆ ಬಂತು. ಕೊಟ್ಟಿಗೆಯ ಗೋಡೆ ಬಿದ್ದು ಅಪ್ಪ ಹೋಗಿದ್ದ. ಅಮ್ಮನ ಕಾಲು ಮುರಿದಿತ್ತು. ಮನೆ ಇರಲಿಲ್ಲ.

ಕಾಕಿ ನನ್ನನ್ನು ಅಪ್ಪಿಕೊಂಡು ಕೂತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಮುಖ ಒರೆಸಿ ಹೇಳಿದಳು: "ಅಳೂದು ಆಮ್ಯಾಲೆ ಇದ್ದದ್ದ ಐತಿ. ಮೊದ್ಲ ನಿಮ್ಮವ್ವನ ಹಂತೇಕ ಹೋಗೂಣು."

ಹೋಗೂಣು ಎಂದಳು, ಹೋಗು ಎನ್ನಲಿಲ್ಲ. ಅದು ನನಗೆ ಆಮೇಲೆ ತಿಳಿಯಿತು.

ಆ ಗುಡ್ಡದಲ್ಲಿ ಚಳಿ ಹೇಗಿರುತ್ತದೆ ಎಂದು ಕೇಳಿಕೊಂಡು ಕೌದಿ ಕೂಡಿಸಲು ಹೊರಟಳು. ಅಪ್ಪ ಕಾವಲು ತಿರುಗಿದ ಓಣಿಗಳಲ್ಲಿ ಅವನ ಸೀಟಿ ಕೇಳದ ಮನೆ ಇರಲಿಲ್ಲ. ಒಬ್ಬರು ಕೌದಿ ಕೊಟ್ಟರು, ಒಬ್ಬರು ಬಹಳ ದಿನ ಕೆಡದ ಕಟಿರೊಟ್ಟಿಯ ಗಂಟು, ಒಬ್ಬರು ಅದಕ್ಕೆ ನೆಂಚಲು ಶೇಂಗಾ ಹಿಂಡಿ. ತವರೂರು ಮೂಡಲಗಿಗೆ ಬಸ್ಸಿನಲ್ಲಿ ಹೋಗಿ ಅಣ್ಣತಮ್ಮಂದಿರ ಮನೆಗಳಿಂದ ಇನ್ನಷ್ಟು ತಂದಳು. ಮಗಳ ಮದುವೆಯಲ್ಲಿ ಕೊಡಲೆಂದು ಹೊಲಿದು ಕೊಡದೆ ಉಳಿದಿದ್ದ ಹೊಸ ಕೌದಿಯೂ ಆ ಗಂಟಿನಲ್ಲಿತ್ತು.

ಆ ಮಗಳು ಹುಕ್ಕೇರಿಯ ಸೊಸೆ. ಆಗ ಆರೇಳು ತಿಂಗಳ ಬಸುರಿ, ಚೊಚ್ಚಲು. ಕಾಕಿ ಹೋಗಿ ಸೀಮಂತದ ಕುಬಸ ಮಾಡಿ ಅವಳನ್ನು ತವರಿಗೆ ಕರೆತರುವುದು ಬಾಕಿ ಇತ್ತು. ಟಿಕೆಟ್ ತೆಗೆಸುವಾಗ ನಾನು ಆ ಮಾತು ಎತ್ತಿದೆ. "ಅದಕ್ಕಿನ್ನೂ ವ್ಯಾಳ್ಯಾ ಐತಿ. ಬಂದ ಮ್ಯಾಲೆ ಮಾಡಿದ್ರಾತು. ನಿನ್ನ ಒಬ್ಬಾಕಿನ್ನ ಹೆಂಗ ಕಳಸ್ಲಿ?" ಎಂದಳು. ನಾನು ನರ್ಸ್. ಚೊಚ್ಚಲ ಹೆರಿಗೆ ದಿನ ನೋಡಿಕೊಂಡು ಬರುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಆದರೆ ಒಬ್ಬಳೇ ಹೋಗುವ ಧೈರ್ಯ ನನಗಿರಲಿಲ್ಲ. ಎರಡು ಟಿಕೆಟ್ ತೆಗೆಸಿದೆ.

ಪಂಢರಪುರದಾಚೆ ಕಾಲಿಡದ ಕಾಕಿ, ಇಳಕಲ್ಲ ಸೀರೆಯಲ್ಲಿ, ಗಂಟುಗಳ ಮೇಲೆ ಕೂತು ಘಟಪ್ರಭೆಯಿಂದ ದಿಲ್ಲಿಗೆ, ಅಲ್ಲಿಂದ ಗೋರಖಪುರಕ್ಕೆ ಬಂದಳು. ಗಡಿಯಲ್ಲಿ ನಮ್ಮ ದೇಶದ ದೊಡ್ಡ ಕಮಾನು ಕಂಡ ಕೂಡಲೇ ನಿಂತು, ಇಲ್ಲಿ ಚಪ್ಪಲಿ ಬಿಡಬೇಕೇ ಎಂದು ಕೇಳಿದಳು. ಬೇಡ, ಇದು ಗುಡಿಯಲ್ಲ, ನೇಪಾಳ ಎಂದೆ. ಆದರೂ ದಾಟುವಾಗ ಕಮಾನಿಗೆ ಕೈ ಮುಗಿದಳು.

ಹಳ್ಳಿಯಲ್ಲಿ ಎಲ್ಲರೂ ತಾಡಪತ್ರಿಯ ಡೇರೆಗಳ ಕೆಳಗಿದ್ದರು. ಅಮ್ಮ ಕಾಕಿಯನ್ನು ನೋಡಿದ್ದೇ ತಡ, ಅಷ್ಟು ದಿನ ಬಾರದ ಅಳು ಬಂತು. ಕಾಕಿ ಅವಳ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಮತ್ತೆ ಅದೇ ಎರಡು ಭಾಷೆಯ ಮಾತು. ಕೌದಿಗಳು ಮನೆಮನೆಗೆ ಹೋದವು. ಮೂಲೆಯಲ್ಲಿ ಕೈಗೆ ಗಟ್ಟಿ ಹತ್ತುವುದೇನು ಎಂದು ಹೆಂಗಸರು ಕೇಳಿದರೆ ನಾನು ಆ ರೊಟ್ಟಿಚೂರಿನ ಅರ್ಥ ಹೇಳಿದೆ. ಒಬ್ಬ ಅಜ್ಜಿ ಆ ಮೂಲೆಯನ್ನು ಕಣ್ಣಿಗೆ ಒತ್ತಿಕೊಂಡಳು. ಹಗಲು ಕಾಕಿ ಮಣ್ಣಿನಿಂದ ಎಳೆದು ತೆಗೆದ ಬಟ್ಟೆಗಳನ್ನು ತೊಳೆಸಿ, ಒಣಗಿಸಿ, ಹೊಲಿಯುತ್ತಿದ್ದಳು. ಅಪ್ಪನ ಖಾಕಿ ಅಂಗಿ ಸಿಕ್ಕಿತು. ಅದನ್ನು ನಡುವೆ ಇಟ್ಟು, ಸುತ್ತ ಅಮ್ಮನ ಹಳೆಯ ಸೀರೆ ಸೇರಿಸಿ ಒಂದು ಕೌದಿ ಮಾಡಿದಳು. ಅಮ್ಮ ಇವತ್ತಿಗೂ ಮಲಗುವುದು ಅದರ ಮೇಲೆ.

ಒಂದು ದಿನ ಅಮ್ಮನ ತಲೆ ಎರೆಯುತ್ತ ಕಾಕಿ ನನಗೆ ಹೇಳಿದಳು: "ನಮ್ಮ ಹುಡುಗಿ ಹಡದಾಳಂತವಾ. ಗಂಡು ಕೂಸು. ನಾ ಇನ್ನ ಹೊಂಡ್ತೀನಿ."

ದಿನ ತುಂಬುವ ಮೊದಲೇ ಹೆರಿಗೆಯಾಗಿತ್ತು. ಸುದ್ದಿ ಬಂದದ್ದು ಚಿಕ್ಕಪ್ಪನ ಮಗನ ಫೋನಿಗೆ, ಅದೂ ಕೆಲವು ದಿನಗಳ ಹಿಂದೆಯೇ. ಅಮ್ಮ ಕೋಲು ಹಿಡಿದು ತಾನಾಗಿ ನಿಲ್ಲುವವರೆಗೆ ನನಗೆ ಹೇಳಬಾರದೆಂದು ಕಾಕಿ ಕೈಸನ್ನೆಯಲ್ಲೇ ಅವನಿಗೆ ಆಣೆ ಮಾಡಿಸಿದ್ದಳು. ಅವನೇ ಅವಳನ್ನು ಗೋರಖಪುರದಲ್ಲಿ ರೈಲು ಹತ್ತಿಸಿ ಬಂದು ನನಗೆ ಈ ಮಾತು ಹೇಳಿದ. ಕೂಸು ಸಂಕೇಶ್ವರದ ದವಾಖಾನೆಯಲ್ಲಿ ಬಹಳ ದಿನ ಗಾಜಿನ ಪೆಟ್ಟಿಗೆಯಲ್ಲಿತ್ತು. ಅಂಥ ಕೂಸುಗಳನ್ನು ನೋಡಿಕೊಳ್ಳುವುದೇ ನನ್ನ ಕೆಲಸ. ಈ ಕೂಸಿನ ಹತ್ತಿರ ನಾನೂ ಇರಲಿಲ್ಲ, ಅಜ್ಜಿಯನ್ನೂ ಇರಗೊಡಲಿಲ್ಲ.

ನಾನು ಊರಿನಲ್ಲೇ ಉಳಿದೆ. ಮಳೆಗಾಲ ಮುಗಿದ ಮೇಲೆ ಭಾರತದಿಂದ ಬರುವ ಲಾರಿಗಳು ಗಡಿಯಲ್ಲಿ ನಿಂತವು. ಯಾರು ನಿಲ್ಲಿಸಿದರು ಎನ್ನುವುದಕ್ಕೆ ಒಬ್ಬೊಬ್ಬರದು ಒಂದೊಂದು ಮಾತು; ನಮ್ಮ ಹಳ್ಳಿಗೆ ಗ್ಯಾಸೂ ಇಲ್ಲ, ಔಷಧವೂ ಇಲ್ಲ. ಚಹಾದಂಗಡಿಯಲ್ಲಿ ಗಂಡಸರು ಭಾರತವನ್ನು ಬೈಯುತ್ತಿದ್ದರು. ಅಮ್ಮ ಕೋಲೂರಿಕೊಂಡು ಹೋಗಿ, ನೀವು ಹೊದ್ದ ಕೌದಿಯನ್ನು ತೆಗೆದಿಟ್ಟು ಆಮೇಲೆ ಬೈಯಿರಿ ಎಂದಳು. ಅತ್ತ ಗೋಕಾಕದಿಂದ ಕಾಕಿ ಫೋನು ಮಾಡಿದಳು. ಯಾರು ಹರಿದರೆಂದು ಎಂದೂ ಕೇಳದವಳು ಆ ದಿನ ಕೇಳಿದಳು: "ಯಾರ ನಿಂದರ್ಸ್ಯಾರವಾ ಗಾಡಿ? ನಮ್ಮವ್ರೇನು? ನಿಮ್ಮವ್ವ ಒಲಿ ಹೆಂಗ ಹಚ್ಚತಾಳ?" ಕಟ್ಟಿಗೆ ಇದೆ ಎಂದೆ. ತಾನೇ ಲಾರಿಗೆ ಅಡ್ಡ ನಿಂತವಳ ಹಾಗೆ ಅವಳ ದನಿ ಸಣ್ಣಗಾಗಿತ್ತು. ನನ್ನೆದುರು ನಾಚಿಕೊಳ್ಳಬೇಕಾದವಳು ಅವಳಾಗಿರಲಿಲ್ಲ.

ಮರುವರ್ಷ, ಅಮ್ಮನನ್ನು ಚಿಕ್ಕಪ್ಪನ ಮನೆಯಲ್ಲಿ ಬಿಟ್ಟು ಗೋಕಾಕಕ್ಕೆ ಮರಳಿದೆ. ಹುಕ್ಕೇರಿಯಲ್ಲಿ ಮೊಮ್ಮಗನ ಹುಟ್ಟುಗೂದಲಿನ ಜಾವಳ ತೆಗೆಸಿದಾಗ ಕಾಕಿಯ ಜೊತೆ ನಾನೂ ಹೋದೆ. ಹುಡುಗ ಸಣಕಲು, ಆದರೆ ಚೂಟಿ. ಊಟಕ್ಕೆ ಕೂತಾಗ ಬೀಗತಿ ಎಲ್ಲರ ಮುಂದೆ, "ಹಡಿಯೂ ಮುಂದ ತವರು ನೇಪಾಳಕ್ಕ ಹೋಗಿತ್ತು, ಈಗ ಬಂದೈತಿ ನೋಡ್ರಿ" ಎಂದು ನಕ್ಕಳು. ಕಾಕಿ ತಲೆ ತಗ್ಗಿಸಿ ಉಣ್ಣುತ್ತಿದ್ದಳು. ಮಗಳು ಬಡಿಸುವುದನ್ನು ನಿಲ್ಲಿಸಿ ನನ್ನ ಕಡೆ ಒಮ್ಮೆ ನೋಡಿ ಒಳಗೆ ಹೋದಳು.

ಆಮೇಲೆ ನಾನು ಹುಕ್ಕೇರಿಗೆ ಹೋಗಲಿಲ್ಲ. ಕಾಕಿ ಬಸ್ಸಿಗೆ ಹೊರಟಾಗಲೆಲ್ಲ, ಬರುವುದಿಲ್ಲವೇ ಎಂದು ಕೇಳುತ್ತಿದ್ದಳು. ನನಗೆ ಡ್ಯೂಟಿ ಇರುತ್ತಿತ್ತು, ಇಲ್ಲದಿದ್ದರೂ ಇರುತ್ತಿತ್ತು. ಅವಳು ಒತ್ತಾಯ ಮಾಡುತ್ತಿರಲಿಲ್ಲ. ಮಗಳು ತವರಿಗೆ ಬಂದರೆ ನಾನು ಹಿತ್ತಲ ಖೋಲಿಯಿಂದ ಬೇಗ ಹೊರಟು ತಡವಾಗಿ ಬರುತ್ತಿದ್ದೆ.

ಹೋದ ವರ್ಷ ಕಾಕಿ ಹಾಸಿಗೆ ಹಿಡಿದಳು. ರಜೆ ಹಾಕಿ ನಾನೇ ನೋಡಿಕೊಂಡೆ. ಬೆರಳಿಗೆ ಸೂಜಿ ಹಿಡಿಯಲಾಗದ ಮೇಲೆ ಅವಳಿಗೆ ಬದುಕು ಬೇಸರವಾಗಿತ್ತು. ನನ್ನ ಕೈಯಲ್ಲಿ ಔಷಧ ಕುಡಿಯುವಾಗಲೆಲ್ಲ ಅಮ್ಮನ ಕಾಲಿನ ಬಗ್ಗೆ ಕೇಳುತ್ತಿದ್ದಳು. ಒಂದು ಮುಂಜಾನೆ ಮಗಳ ತೊಡೆಯ ಮೇಲೆ ತಲೆಯಿಟ್ಟು ಹೋದಳು. ಮೂಡಲಗಿಯಿಂದ, ಹುಕ್ಕೇರಿಯಿಂದ ಮಂದಿ ಬಂದರು. ಅವಳನ್ನು ಕುಳ್ಳಿರಿಸಿ, ಹೂವೇರಿಸಿ, ಒಯ್ದು ಮಣ್ಣು ಮಾಡಿದರು. ನಾನು ಗುಂಪಿನ ಹಿಂದೆ ನಿಂತಿದ್ದೆ. ಮುಂದೆ ಹೋಗುವ ಹಕ್ಕು ನನಗಿದೆ ಎನ್ನಿಸಲಿಲ್ಲ.

ಮೂರನೆಯ ದಿನದ ಕಾರ್ಯ ಮುಗಿದು ಮಂದಿ ಹೋದ ಮೇಲೆ ಹಿತ್ತಲಲ್ಲಿ ನಾನೂ ಅವಳ ಮಗಳೂ ಪಾತ್ರೆ ತಿಕ್ಕುತ್ತಿದ್ದೆವು. ಬಹಳ ವರ್ಷಗಳ ಮೇಲೆ ನಾವಿಬ್ಬರೇ ಕೂತದ್ದು. ನಾನು ತಡೆಯಲಾಗದೆ, ನಿನ್ನ ಬಾಣಂತನಕ್ಕೆ ನಿಮ್ಮವ್ವನನ್ನು ಸಿಗದ ಹಾಗೆ ಮಾಡಿದವಳು ನಾನು ಎಂದೆ.

ಅವಳು ತಿಕ್ಕುವುದನ್ನು ನಿಲ್ಲಿಸಲಿಲ್ಲ. "ಅವ್ವ ಹೊಂಡೂಕಿಂತ ಮೊದ್ಲ ನಂಗ ಫೋನ್ ಮಾಡಿದ್ಲು. ನೀ ಬ್ಯಾಡ ಅಂದ್ರ ಹೋಗಂಗಿಲ್ಲ ಅಂದ್ಲು. ನಾನ ಹೋಗ ಅಂದೆ."

ನಾನು ತಂಬಿಗೆ ಕೆಳಗಿಟ್ಟು ಅವಳ ಕಡೆ ತಿರುಗಿದೆ.

"ಹೆದರಿಕಿ ಬಂದಿತ್ತು, ಖರೆ ಹೇಳ್ತೀನಿ. ಆದ್ರ ಕಾಕಾ ನನ್ನ ಕೈ ಹಿಡದ ದಿನಾ ಸಾಲಿಗೆ ಬಿಟ್ಟ ಬರ್ತಿದ್ದ. ಅಂವಾ ಹೋದ್ರ ಗೋಕಾಕದಿಂದ ಒಬ್ರರ ಹೋಗಬ್ಯಾಡೇನು?"

ಕಾಕಾ ಎಂದದ್ದು ನನ್ನ ಅಪ್ಪನಿಗೆ. ಹಾಗಾದರೆ ಜಾವಳದ ದಿನ ಅಷ್ಟು ಸಿಟ್ಟಿನಿಂದ ನೋಡಿದ್ದು ಯಾಕೆ ಎಂದು ಕೇಳಿದೆ.

"ಸಿಟ್ಟಲ್ಲಕ್ಕಾ. ನಮ್ಮತ್ತಿ ಹಂಗ ಅಂದಾಗ ನೀ ತಿರುಗಿ ಏನರ ಅಂತೀ ಅಂತ ನೋಡಿದೆ. ನೀ ಬರೂದ ಬಿಟ್ಟಿ."

ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದೆ.

"ನೀ ಯಾವತ್ತ ಕೇಳಿದಿ?"

ಊರಿಗೆ ಹೋದಾಗ ಜನ ಭಾರತ ಹೇಗೆ ಎಂದು ಕೇಳುತ್ತಾರೆ. ನಾನು ಕಾಕಿಯ ಕತೆ ಹೇಳುತ್ತೇನೆ. ಅವರಿಗೂ ಅದು ಗೊತ್ತು, ಅವಳನ್ನು ಕಂಡವರು. ಹುಕ್ಕೇರಿಯ ಒಂದು ಮನೆಯಲ್ಲಿ ತುಂಬಿದ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಹೆದರಿಕೊಂಡೇ, ತನ್ನ ತಾಯಿಯನ್ನು ನನ್ನ ತಾಯಿಗೆ ಬಿಟ್ಟುಕೊಟ್ಟವಳು ಇದ್ದಾಳೆಂದು ಯಾರಿಗೂ ಗೊತ್ತಿರಲಿಲ್ಲ. ಅವಳಿಂದ ಮುಖ ತಪ್ಪಿಸಿಕೊಂಡು ತಿರುಗಿದ ನನಗೂ ಗೊತ್ತಿರಲಿಲ್ಲ. ಆ ದಿನ ಹಿತ್ತಲಲ್ಲಿ ತಿಕ್ಕಿದ ಪಾತ್ರೆಗಳನ್ನು ತೊಳೆದು ಒಂದೊಂದಾಗಿ ಅವಳ ಕೈಗೆ ಕೊಡುತ್ತ ಹೋದೆ. ಅವಳು ಒಂದೊಂದನ್ನೇ ಒಳಗೆ ಇಟ್ಟು ಬಂದಳು.