ಭದ್ರಮ್ಮ ತುಳಿದ ಪಾದ

ಬೆಟ್ಟದಪುರದ ಭದ್ರಮ್ಮ ಈ ಲೋಕಕ್ಕೆ ತಲೆ ಮುಂದಾಗಿ ಬಂದವಳಲ್ಲ, ಕಾಲು ಮುಂದಾಗಿ ಬಂದವಳು. ಹಾಗೆ ಹುಟ್ಟಿದವರು ಎಡಗಾಲಲ್ಲಿ ತುಳಿದರೆ ಎಂಥ ಉಳುಕೂ ಬಿಡುತ್ತದೆ ಎಂದು ಆ ಸೀಮೆಯ ಜನ ನಂಬಿದ್ದರು. ಐದು ವರ್ಷದ ಕೂಸಾಗಿದ್ದಾಗಲೇ ಅವಳನ್ನು ಎತ್ತಿ ಯಾರದೋ ಸೊಂಟದ ಮೇಲೆ ನಿಲ್ಲಿಸಿದ್ದರಂತೆ. ಐವತ್ತು ದಾಟುವ ಹೊತ್ತಿಗೆ ಗಾವಡಗೆರೆ ಕಡೆಯಿಂದಲೂ ಗಾಡಿ ಕಟ್ಟಿಕೊಂಡು ಬರುತ್ತಿದ್ದರು.

ತುಳಿಯುವುದಕ್ಕೂ ಒಂದು ಕ್ರಮವಿತ್ತು. ಉಳುಕಿದವರು ಹೊಸಲಿನ ಹತ್ತಿರ ಪೂರ್ವಕ್ಕೆ ಮುಖ ಮಾಡಿ ಮಲಗಬೇಕು. ಭದ್ರಮ್ಮ ಬಾಗಿಲವಾಡ ಹಿಡಿದು, ಕೆಳಗೆ ನೋಡದೆ, ಎಡಗಾಲಲ್ಲಿ ಮೂರು ಸಲ ಸವರುತ್ತಿದ್ದಳು. ಮೂರನೆಯದಕ್ಕೆ ಹಿಮ್ಮಡಿ ಊರಿದಾಗ ಟಕ್ಕೆಂದು ಒಂದು ಸದ್ದು ಬರಬೇಕು. ಬಂದರೆ "ಕೂತ್ಕತು ಬುಡು, ಎದ್ದೇಳು" ಅನ್ನುತ್ತಿದ್ದಳು. ಬರದಿದ್ದರೆ ಮುಂದಿನ ಸೋಮವಾರ ಮತ್ತೆ ಬರಬೇಕು. ಕೈಯಲ್ಲಿ ಮುಟ್ಟುವ ಹಾಗಿರಲಿಲ್ಲ. ಮುಟ್ಟಿದರೆ ಕಾಲಿನ ಗುಣ ಹೋಗುತ್ತದೆ ಎಂದು ಅವಳಜ್ಜಿ ಹೇಳಿಕೊಟ್ಟಿದ್ದಳು.

ಐವತ್ನಾಲ್ಕನೇ ಇಸವಿಯ ಕಾರ್ತಿಕದಲ್ಲಿ ಕಂಠಪ್ಪ ಕುಂಟುತ್ತ ಬಂದ. ಇಪ್ಪತ್ತೆಂಟರ ಗಟ್ಟಿ ಆಳು. ಬೆಟ್ಟದ ಮೇಲಿನ ಶಿವನಿಗೆ ದಿನಾ ಕೆಳಗಿನಿಂದ ಎರಡು ಕೊಡ ನೀರು ಹೊರುವುದು ಅವನ ಕೆಲಸ. ಅವನಪ್ಪನೂ ಹೊತ್ತಿದ್ದ, ಅಜ್ಜನೂ ಹೊತ್ತಿದ್ದ. ಆವತ್ತು ಪಾಚಿಗಟ್ಟಿದ ಮೆಟ್ಟಿಲ ಮೇಲೆ ಜಾರಿ, ಹೊತ್ತ ಕೊಡಗಳ ಭಾರವೆಲ್ಲ ಹೊರಕ್ಕೆ ತಿರುಚಿಕೊಂಡ ಬಲಪಾದದ ಮೇಲೆ ಬಿದ್ದಿತ್ತು.

"ಏನ್ಲಾ ಕಂಠಪ್ಪ, ಶಿವನಿಗೇ ಅಡ್ಡ ಬಿದ್ಬುಟ್ಯಾ?" ಎಂದು ನಗುತ್ತಲೇ ಭದ್ರಮ್ಮ ಎದ್ದಳು.

"ಬಿದ್ದೆ ಕಣವ್ವ. ವಸಿ ತುಳುದ್ಬುಡಿ, ನಾಳೆ ನೀರು ನಿಂತೋಯ್ತದೆ."

ಮಲಗಿದವನ ಪಾದದ ಹೊರ ಅಂಚು ಊದಿಕೊಂಡಿತ್ತು. ಅಂಗಾಲಿನಲ್ಲಿ ನೇರಳೆಹಣ್ಣು ಹಿಂಡಿದಂಥ ಕಪ್ಪು. ಅವಳು ಅದನ್ನು ನೋಡಿದಳು. ನೋಡಿಯೂ ಬಾಗಿಲವಾಡ ಹಿಡಿದಳು. ಮೂರನೆಯ ಸಲ ಹಿಮ್ಮಡಿ ಊರಿದಾಗ ಸದ್ದೇನೋ ಬಂತು. ಆದರೆ ಅದು ಟಕ್ಕೆನ್ನಲಿಲ್ಲ. ಹುರಿಗಡಲೆ ಮೇಲೆ ಕಾಲಿಟ್ಟ ಹಾಗೆ ಕರಕ್ಕೆಂದು ಕುಸಿಯಿತು. ಅವಳ ಕಾಲಿಗೆ ಗೊತ್ತಾಯಿತು. ಬಾಯಿ ಮಾತ್ರ ರೂಢಿಯಂತೆ, "ಕೂತ್ಕತು ಬುಡು, ನಾಳೆ ಬೆಟ್ಟ ಅತ್ತು" ಅಂದಿತು.

ಕಂಠಪ್ಪ ಮಾರನೆಯ ದಿನ ಹತ್ತಿದ. ಅರ್ಧ ದಾರಿಯಲ್ಲಿ ಕುಸಿದವನನ್ನು ಹೊತ್ತು ತಂದು ಮೈಸೂರಿನ ಆಸ್ಪತ್ರೆಗೆ ಸಾಗಿಸಿದರು. ಎಕ್ಸ್‌ರೇ ತೆಗೆದ ಡಾಕ್ಟರು ಹೇಳಿದ್ದನ್ನು ಅವನ ಹೆಂಡತಿ ಗುರುಶಾಂತಮ್ಮ ಬಾವಿಕಟ್ಟೆಯಲ್ಲಿ ಎಲ್ಲರೆದುರು ಹೇಳಿದಳು:

"ಪಾದದ ಒರಗಡೆ, ಹಿಮ್ಮಡಿಗೂ ಕಿರುಬೆರಳ ಮೂಳೆಗೂ ಮಧ್ಯ, ಪಗಡೆ ದಾಳದಂಗೆ ಒಂದು ಮೂಳೆ ಅದಂತೆ ಕಣ್ರವ್ವಾ. ಅದು ಅಡಕತ್ರಿಗೆ ಸಿಕ್ಕಿದ ಅಡಕೆಯಂಗೆ ಚೂರಾಗ್ಯದೆ. ಉಳುಕು ಅಂದ್ಕಂಡು ಭಾರ ಊರಿದ್ರಾ ಅಂತ ಕೇಳುದ್ರು. ನಾನೇನಂತ ಏಳ್ಳಿ?" ಹಾಗೆಂದು ಭದ್ರಮ್ಮನ ಕಡೆ ತಿರುಗಿ ಒಂದು ಸಲ ನೋಡಿದಳು, ಅಷ್ಟೆ.

ಅಲ್ಲಿಂದ ಭದ್ರಮ್ಮನಿಗೆ ಹಗಲೇ ಕಾಟ ಶುರುವಾಯಿತು. ಕಣದಲ್ಲಿ ಒಣಗಿದ ಹುರುಳಿ ಸೊಪ್ಪಿನ ಮೇಲೆ ಕಾಲಿಟ್ಟರೆ ಅದೇ ಸದ್ದು. ಸೊಸೆ ಕಡಲೆಕಾಯಿ ಸುಲಿದರೆ ಅದೇ ಸದ್ದು. ಎಡ ಹಿಮ್ಮಡಿಯ ಕೆಳಗೆ ಬೆಚ್ಚನೆಯದೊಂದು ಕುಸಿಯುತ್ತಲೇ ಇರುತ್ತಿತ್ತು. ತೊಳೆದಳು, ವಿಭೂತಿ ಹಚ್ಚಿದಳು, ಹೋಗಲಿಲ್ಲ. ಜಾರಿದಾಗಲೇ ಒಡೆದಿತ್ತೋ, ತಾನೇ ಒಡೆದೆನೋ? ಇದೊಂದು ಗೊತ್ತಾಗದೆ ಅವಳಿಗೆ ಉಂಡ ಅನ್ನ ಮೈಗೆ ಹತ್ತಲಿಲ್ಲ. ಉಳುಕಿದವರು ಬಂದರೆ "ಇವತ್ತು ಆಗಾಕಿಲ್ಲ ಓಗಿ" ಎಂದು ಬಾಗಿಲಿನಿಂದಲೇ ಕಳಿಸುತ್ತಿದ್ದಳು.

ಶಿವರಾತ್ರಿ ಕಳೆದ ಮೇಲೆ ಒಂದು ಮಧ್ಯಾಹ್ನ ತಡೆಯಲಾರದೆ ಕಂಠಪ್ಪನ ಮನೆಗೆ ಹೋದಳು. ಆಸ್ಪತ್ರೆಯಲ್ಲಿ ಅವನ ಕಾಲಿಗೆ ಹಾಕಿದ್ದ ಗಟ್ಟಿ ಬಿಳಿ ಪಟ್ಟಿ ಬಿಚ್ಚಿ ತಿಂಗಳಾಗಿತ್ತು. ನೀರಿನ ಕೆಲಸ ಬೇರೆಯವರ ಪಾಲಾಗಿತ್ತು. ಅವನು ಜಗಲಿಯಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದ.

"ಕಂಠಪ್ಪ, ಆವತ್ತು ಒಂದು ಸದ್ದು ಬಂತಲ್ಲ. ಅದು ಕೂತ ಸದ್ದಲ್ಲ ಕಣಪ್ಪ. ನಂಗೊತ್ತಿತ್ತು. ಗೊತ್ತಿದ್ದೂ ಬೆಟ್ಟ ಅತ್ತು ಅಂದೆ."

ಅವನು ಹಗ್ಗ ಕೆಳಗಿಟ್ಟ. "ನಂಗೂ ಗೊತ್ತಾಯ್ತು ಕಣವ್ವ. ಜೀವ ಬಾಯಿಗೆ ಬಂದಿತ್ತು. ನಿಮ್ಮುಖ ನೋಡ್ದೆ. ಸುತ್ತ ಜನ ಬೇರೆ ನಿಂತಿದ್ರು. ನೋಯ್ತದೆ ಅನ್ನಕ್ಕೆ ನಾಚ್ಕೆ ಆಯ್ತು."

"ಬಿದ್ದಾಗ್ಲೇ ಮುರಿದಿತ್ತಾ, ನಾನು ಮುರುದ್ನಾ? ಅದೊಂದು ಏಳ್ಬುಡು."

"ಡಾಕ್ಟ್ರಿಗೇ ಗೊತ್ತಾಗ್ಲಿಲ್ಲ, ನಂಗೇನು ಗೊತ್ತಾದಾತು?" ಅವನು ಬಲಗಾಲನ್ನು ನಿಧಾನಕ್ಕೆ ಮುಂದಕ್ಕೆ ಚಾಚಿದ. "ಅವ್ವ, ಎಂಗೂ ಬಂದಿದ್ದೀರಿ. ಇನ್ನೊಂದ್ಸಲ ತುಳುದ್ಬುಡಿ. ಈ ಸಲ ಕೂತ್ರೂ ಕೂತದು. ನಂಗೆ ಬೆಟ್ಟ ಅತ್ಬೇಕು."

ಅವನು ಶಾಪ ಹಾಕಿದ್ದರೆ ಭದ್ರಮ್ಮ ಹೊತ್ತುಕೊಂಡು ಹೋಗುತ್ತಿದ್ದಳು. ಇವನು ಇನ್ನೂ ನಂಬುತ್ತಿದ್ದಾನೆ. ಒಳಗಿನಿಂದ ಗುರುಶಾಂತಮ್ಮ ಬಂದು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ಭದ್ರಮ್ಮ ನೆಲದ ಮೇಲೆ ಕೂತಳು. ಆ ಪಾದವನ್ನು ಎರಡೂ ಕೈಯಲ್ಲಿ ಎತ್ತಿ ತೊಡೆಯ ಮೇಲಿಟ್ಟುಕೊಂಡಳು.

"ಅಯ್ಯೋ, ಬುಡಿ ಅವ್ವ! ನೀವು ದೊಡ್ಡೋರು, ನನ್ ಕಾಲು ಮುಟ್ಟಬ್ಯಾಡಿ, ನಂಗೆ ಪಾಪ ಸುತ್ಕತದೆ. ನಿಮ್ ಕಾಲಿನ ಗುಣಾನೂ ಓಯ್ತದೆ!"

"ಓಗ್ಲಿ," ಅಂದಳು ಭದ್ರಮ್ಮ.

ಹಿಮ್ಮಡಿಯಿಂದ ಕಿರುಬೆರಳ ಕಡೆಗೆ ಬೆರಳಾಡಿಸಿದಳು. ಮೂಳೆ ಇರಬೇಕಾದ ಕಡೆ ಒಂದು ತಗ್ಗು, ಬೆರಳ ತುದಿ ಹಿಡಿಸುವಷ್ಟು. ಅಲ್ಲಿಂದ ಅವಳು ಕೈ ತೆಗೆಯಲಿಲ್ಲ. ಕಂಠಪ್ಪ ಎಳೆದುಕೊಳ್ಳಲು ನೋಡಿದ, ಆಮೇಲೆ ಬಿಟ್ಟುಕೊಟ್ಟ.